ಗಬ್ಬೂರಿನಲ್ಲಿ ನಿಂತ ಸೈಕಲ್ಲು

ರಾಯಚೂರು ಬಸ್ ನಿಲ್ದಾಣದ ಕಂಟ್ರೋಲರ್ ಪಂಪಾಪತಿ ಜೀವಮಾನವಿಡೀ ಬೇರೆಯವರನ್ನು ಊರಿಗೆ ಕಳಿಸಿದವನು. ದೇವದುರ್ಗ, ಮಾನ್ವಿ, ಯರಗೇರಾ ಎಂದು ಮೈಕಿನಲ್ಲಿ ಕೂಗಿ ಕೂಗಿ ಅವನ ಗಂಟಲಿಗೆ ಎಲ್ಲ ಊರೂ ಗೊತ್ತು. ಕಾಲಿಗೆ ಮಾತ್ರ ಕುರ್ಚಿಯ ಕೆಳಗಿನ ನೆಲವಷ್ಟೇ ಗೊತ್ತು. ಹೀಗೆ ಕೂತು ಕೂತು ಹೊಟ್ಟೆ ಮೇಜಿಗೆ ತಾಗುವ ಹೊತ್ತಿಗೆ ಡಾಕ್ಟರು ರಕ್ತದಲ್ಲಿನ ಸಕ್ಕರೆ ನೋಡಿ, ಇನ್ನು ದಿನಾ ಬೆವರು ಬರುವಂತೆ ಏನಾದರೂ ಮಾಡಿ ಎಂದರು. ರಾಯಚೂರಿನಲ್ಲಿ ಬೆವರು ಬರಲು ಏನೂ ಮಾಡಬೇಕಾಗಿಲ್ಲ, ಸುಮ್ಮನೆ ನಿಂತರೂ ಬರುತ್ತದೆ ಎಂದು ಪಂಪಾಪತಿ ಹೇಳಿ ನೋಡಿದ. ಡಾಕ್ಟರು ನಗಲಿಲ್ಲ.

ಮನೆಯಲ್ಲಿ ಗೇರ್ ಇರುವ ಒಂದು ಒಳ್ಳೆಯ ಸೈಕಲ್ ಇತ್ತು. ಹಿಂದೊಮ್ಮೆ ಹುರುಪು ಬಂದಾಗ ಕೊಂಡದ್ದು. ಆದರೆ ಬೀದಿಗಿಳಿದರೆ ಬಿಸಿಲು, ನಾಯಿ, ಅವೆರಡನ್ನೂ ಮೀರಿಸಿ ಪರಿಚಯದವರು. ಊರಿನ ಅರ್ಧ ಜನ ಬಸ್ ನಿಲ್ದಾಣದಲ್ಲಿ ಅವನ ಮುಖ ನೋಡಿದವರೇ; ಸೈಕಲ್ ಮೇಲೆ ಕಂಡರೆ ಸಾಕು, ನಿಲ್ಲಿಸಿ, ಸ್ಕೂಟರ್ ಕೆಟ್ಟಿದೆಯೇ ಎಂದು ಮರುಗುತ್ತಿದ್ದರು. ಯರಗೇರಾದ ವಿಶ್ವವಿದ್ಯಾಲಯಕ್ಕೆ ದಿನಾ ಬಸ್ಸಿನಲ್ಲಿ ಹೋಗಿಬರುವ ಮಗಳು ವಿಶಾಖಾ ಇದಕ್ಕೊಂದು ಉಪಾಯ ಹುಡುಕಿ, ಆನ್‌ಲೈನಿನಲ್ಲಿ ಟ್ರೇನರ್ ಎಂಬ ಕಬ್ಬಿಣದ ಸ್ಟ್ಯಾಂಡ್ ತರಿಸಿದಳು. ಸೈಕಲ್ಲಿನ ಹಿಂದಿನ ಗಾಲಿಯನ್ನು ಅದು ನೆಲದಿಂದ ಮೇಲೆತ್ತಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಟಯರು ಒಂದು ಉರುಳೆಗೆ ಒತ್ತಿಕೊಂಡಿರುತ್ತದೆ. ತುಳಿದಷ್ಟೂ ಗಾಲಿ ತಿರುಗುತ್ತದೆ, ಸೈಕಲ್ಲು ಇದ್ದಲ್ಲೇ ಇರುತ್ತದೆ.

ಹೆಂಡತಿ ಆದೆಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಒಂದು ಗಳಿಗೆ ನೋಡಿದಳು. ಗಾಣದ ಎತ್ತಾದರೂ ಎಣ್ಣೆ ಕೊಡುತ್ತದೆ, ನಿಮ್ಮಿಂದ ಏನು ಬರುತ್ತದೆ ಎಂದು ಕೇಳಿ ಒಳಗೆ ಹೋದಳು. ಅಂದಿನಿಂದ ಆ ಮನೆಯಲ್ಲಿ ಅದರ ಹೆಸರು ಗಾಣ ಎಂದೇ ಆಯಿತು.

ಪಂಪಾಪತಿ ಆರಂಭಶೂರ. ಇದನ್ನು ಬೇರೆ ಯಾರೂ ಹೇಳಬೇಕಾಗಿಲ್ಲ, ಅವನೇ ಒಪ್ಪುತ್ತಾನೆ. ಮೊದಲ ವಾರ ತಲೆಗೆ ಟವೆಲ್ ಸುತ್ತಿ, ಎದುರಿಗೆ ಕೂಲರ್ ಇಟ್ಟುಕೊಂಡು ಸೀಮೆ ಗೆಲ್ಲುವವನಂತೆ ತುಳಿದ. ಎರಡನೆಯ ವಾರ ಎದುರಿನ ಗೋಡೆ ಬೇಸರ ತರಿಸಿತು. ಎಷ್ಟು ತುಳಿದರೂ ಅದೇ ಕ್ಯಾಲೆಂಡರು, ಅದೇ ಮೊಳೆ. ಹಾಡು ಹಾಕಿಕೊಂಡ, ಹಾಡು ಕೇಳುತ್ತಾ ತುಳಿಯುವುದನ್ನು ಮರೆತ. ಆದೆಮ್ಮನ ಧಾರಾವಾಹಿ ನೋಡುತ್ತಾ ತುಳಿದ. ಟಿವಿಯಲ್ಲಿನ ಅತ್ತೆ ಸೊಸೆಯನ್ನು ಬೈಯುವಾಗ ಕಾಲು ಚುರುಕಾಗುತ್ತಿತ್ತು, ಜಾಹೀರಾತು ಬಂದೊಡನೆ ನಿಲ್ಲುತ್ತಿತ್ತು, ಮತ್ತೆ ಅತ್ತೆ ಬಂದರೂ ಏಳುತ್ತಿರಲಿಲ್ಲ. ಮೂರನೆಯ ವಾರಕ್ಕೆ ಹ್ಯಾಂಡಲಿನ ಮೇಲೆ ಅವನ ಪ್ಯಾಂಟು ಒಣಗತೊಡಗಿತು.

ಮಗಳಿಗೆ ಅಪ್ಪನ ರೋಗ ಗೊತ್ತಾಯಿತು. ಬಸ್ಸಿನವನು ಬೋರ್ಡಿಲ್ಲದೆ ಗಾಡಿ ಹೊರಡಿಸುವುದಿಲ್ಲ. ಎಲ್ಲಿಗೆ ಎಂದು ತಿಳಿಯದೆ ಈ ಮನುಷ್ಯ ತುಳಿಯಲಾರ. ಅವಳು ಗಾಲಿಗೆ ಒಂದು ಸೆನ್ಸರ್ ಕಟ್ಟಿ, ಮೊಬೈಲಿನಲ್ಲಿ ಒಂದು ಆ್ಯಪ್ ಹಾಕಿಕೊಟ್ಟಳು. ಅದರಲ್ಲಿ ಯಾವ ರಸ್ತೆ ಬೇಕೋ ಅದರ ನಕ್ಷೆ ಇಟ್ಟುಕೊಂಡರೆ, ಮನೆಯಲ್ಲಿ ತುಳಿದಷ್ಟು ದೂರ ಒಂದು ನೀಲಿ ಚುಕ್ಕೆ ಆ ರಸ್ತೆಯ ಮೇಲೆ ಮುಂದೆ ಹೋಗುತ್ತದೆ. ಪಂಪಾಪತಿ ಮೊದಲು ಚಂದ್ರಬಂಡಕ್ಕೆ ಹೊರಟ. ಎರಡು ದಿನ ತುಳಿದು ಚುಕ್ಕೆ ಅಲ್ಲಿಗೆ ಮುಟ್ಟಿದಾಗ ಅವನಿಗೆ ಕಣ್ಣಲ್ಲಿ ನೀರು ಬರುವಷ್ಟು ಖುಷಿಯಾಯಿತು. ಆ ನಕ್ಷೆಯ ಚಿತ್ರ ತೆಗೆದು, 'ಚಂದ್ರಬಂಡ ಮುಟ್ಟಿದೆ, ಸೈಕಲ್ ಮ್ಯಾಲ' ಎಂದು ಬರೆದು, ನೆಂಟರಿಷ್ಟರೆಲ್ಲ ಇರುವ 'ದೇವದುರ್ಗ ಬಳಗ' ಎಂಬ ವಾಟ್ಸ್ಯಾಪ್ ಗುಂಪಿಗೆ ಹಾಕಿದ. 'ಮನ್ಯಾಗ ಕುಂತು' ಎಂದೂ ಬರೆದಿದ್ದ. ಕಳಿಸುವ ಮುಂಚೆ ಅವನ ಹೆಬ್ಬೆರಳು ಆ ಎರಡು ಮಾತನ್ನು ತಾನಾಗಿಯೇ ಅಳಿಸಿತು.

ಗುಂಪಿನ ತುಂಬ ಚಪ್ಪಾಳೆ, ಹೂವು, ಮುಗಿದ ಕೈಗಳು. ಈ ವಯಸ್ಸಿನಲ್ಲಿ ಎಂಥ ಗಟ್ಟಿ ಆಳು ಎಂದು ದೊಡ್ಡಪ್ಪನ ಮಕ್ಕಳು ಬರೆದರು. ಮನೆಯೊಳಗೆ ಎಂದು ಹೇಳಬೇಕಿತ್ತು ಎಂದಳು ವಿಶಾಖಾ. ಕೇಳಿದರೆ ಹೇಳೋಣ ಎಂದ ಪಂಪಾಪತಿ. ಕೇಳುವವರು ಯಾರೂ ಇರಲಿಲ್ಲ, ಹಾಗಾಗಿ ಅವನು ಸುಳ್ಳು ಹೇಳಿದಂತೆಯೂ ಆಗಲಿಲ್ಲ. ಕನಿಷ್ಠ ಅವನ ಲೆಕ್ಕದಲ್ಲಿ.

ಇನ್ನು ಅವನನ್ನು ಹಿಡಿಯುವವರಿಲ್ಲ. ಯರಗೇರಾ ಆಯಿತು, ಕಲ್ಮಲ ಆಯಿತು. ಬಸ್ಸು ನಿಂತಲ್ಲಿ ಏನಾದರೂ ತಿನ್ನದಿದ್ದರೆ ಊರು ಬಂದಂತೆಯೇ ಅಲ್ಲ ಎಂಬುದು ಬಸ್ಸಿನವರ ಧರ್ಮ. ಕಲ್ಮಲ ಬಂತು ಎಂದು ಪಂಪಾಪತಿ ಪಡಸಾಲೆಯಿಂದ ಕೂಗುತ್ತಿದ್ದ, ಅಡುಗೆಮನೆಯಿಂದ ಮಿರ್ಚಿ ಬಜ್ಜಿ, ಮಂಡಾಳು ಎಂದರೆ ಮಂಡಕ್ಕಿ ಬರುತ್ತಿದ್ದವು. ಸೀಟಿನಿಂದ ಇಳಿಯದೆ, ಒಂದು ಕಾಲನ್ನು ಪೆಡಲ್ ಮೇಲಿಟ್ಟುಕೊಂಡೇ ತಿನ್ನುತ್ತಿದ್ದ. ತಿಂಗಳ ಕೊನೆಗೆ ತೂಕ ನೋಡಿದರೆ ಮುಳ್ಳು ಮೇಲಕ್ಕೆ ಹೋಗಿತ್ತು. ಡಾಕ್ಟರು ಎಲ್ಲಿ ತಪ್ಪಾಗುತ್ತಿದೆ ಎಂದು ಕೇಳಿದರು. ಕಲ್ಮಲದಲ್ಲಿ ಎಂದ ಪಂಪಾಪತಿ. ಅಂದಿನಿಂದ ಆದೆಮ್ಮ ಆ ಸ್ಟಾಪು ರದ್ದು ಮಾಡಿದಳು.

ಕಲ್ಮಲದಲ್ಲಿ ದಾರಿ ಕವಲೊಡೆಯುತ್ತದೆ. ಒಂದು ದೇವದುರ್ಗಕ್ಕೆ, ಒಂದು ಮಾನ್ವಿಗೆ. ಪಂಪಾಪತಿ ಯೋಚನೆಯನ್ನೇ ಮಾಡದೆ ಮಾನ್ವಿಯ ದಾರಿ ಹಿಡಿದ. ಚುಕ್ಕೆ ಮಾನ್ವಿ ಮುಟ್ಟಿದ್ದನ್ನು ಹುರುಪಿನಲ್ಲಿ ಗುಂಪಿಗಷ್ಟೇ ಅಲ್ಲ, ಎಲ್ಲರೂ ನೋಡುವ ಸ್ಟೇಟಸ್ಸಿಗೂ ಹಾಕಿದ. ಗಂಟೆಯೊಳಗೆ ಫೋನು ಬಂತು. ಮಾನ್ವಿಯ ಬುರ್ಹಾನುದ್ದೀನ್, ದೇವದುರ್ಗದ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವನು, ಈಗ ಅಕ್ಕಿ ವ್ಯಾಪಾರಿ.

"ಲೇ ಪಂಪ್ಯಾ, ಊರಿಗಿ ಬಂದು ಮನಿಗಿ ಬರದಂಗ ಹೋಗ್ತೀಯೇನು? ನಿನ್ನ ಭಾಬಿ ತಹಮೀನಾ ಒಲಿ ಮ್ಯಾಲ ಬಿರಿಯಾನಿ ಇಟ್ಟಾಳ."

ಮನೆಯೊಳಗಿನ ಕಥೆಯನ್ನು ಪಂಪಾಪತಿ ಅವನಿಗೆ ಒಪ್ಪಿಸಲೇಬೇಕಾಯಿತು. ಬುರ್ಹಾನುದ್ದೀನ್ ಕೆಮ್ಮು ಬರುವವರೆಗೆ ನಕ್ಕ. ನಿನ್ನ ಪಾಲಿನ ಬಿರಿಯಾನಿಯ ಫೋಟೋ ಕಳಿಸುತ್ತೇನೆ, ನೋಡಿಯೇ ಹೊಟ್ಟೆ ತುಂಬಿಸಿಕೋ ಎಂದ. ಹೇಳಿದ ಹಾಗೇ ಕಳಿಸಿದ.

ಇಷ್ಟಕ್ಕೇ ಮುಗಿದಿದ್ದರೆ ಇದು ನಗೆಪಾಟಲಿನ ಕಥೆಯಾಗಿ ಉಳಿಯುತ್ತಿತ್ತು. ಆದರೆ ತುಳಿಯುವವನಿಗೆ ದಾರಿ ಬೇಕಲ್ಲ. ಸುತ್ತಲಿನ ಊರುಗಳೆಲ್ಲ ಮುಗಿದು, ನಕ್ಷೆಯ ಮೇಲೆ ಒಂದೇ ರಸ್ತೆ ಉಳಿಯಿತು. ದೇವದುರ್ಗದ್ದು.

ದೇವದುರ್ಗದಲ್ಲಿ ಅಕ್ಕ ಇದ್ದಳು. ಬಸ್ಸಮ್ಮ. ಅಪ್ಪ ಸಂತೆಯಲ್ಲಿ ಮೂಟೆ ಹೊರಲು, ಅವ್ವ ಹತ್ತಿ ಬಿಡಿಸಲು ಹೋದಾಗ ಪಂಪಾಪತಿಯನ್ನು ಕಂಕುಳಲ್ಲಿ ಹೊತ್ತವಳು. ಬಾಡಿಗೆ ಸೈಕಲ್ ತಂದು ಅವನಿಗೆ ಕಲಿಸಿದವಳೂ ಅವಳೇ. ಕ್ಯಾರಿಯರ್ ಹಿಡಿದು ಹಿಂದೆ ಹಿಂದೆ ಓಡುತ್ತಿದ್ದಳು. "ಬಿಡಬ್ಯಾಡಕ್ಕಾ" ಎಂದು ಇವನು ಅರಚುತ್ತಿದ್ದ. "ಬಿಟ್ಟಿಲ್ಲ, ತುಳಿ" ಎಂದು ಅವಳು ಕೂಗುತ್ತಿದ್ದಳು. ಒಂದು ದಿನ ಆ ದನಿ ಬಹಳ ದೂರದಿಂದ ಬಂದಂತಾಗಿ ತಿರುಗಿ ನೋಡಿದರೆ ಅಕ್ಕ ಎಲ್ಲೋ ಹಿಂದೆ ಕೈಕಟ್ಟಿ ನಿಂತಿದ್ದಳು. ಅಷ್ಟು ದೂರ ಒಬ್ಬನೇ ಬಂದಿದ್ದಕ್ಕೆ ಹೆದರಿ ಚರಂಡಿಗೆ ಬಿದ್ದ.

ಅಂಥ ಅಕ್ಕನೊಡನೆ ನಾಲ್ಕು ವರ್ಷದಿಂದ ಮಾತಿಲ್ಲ. ಅವಳ ಮಗಳು ಶಶಿಕಲಾಳ ಮದುವೆ. ಸೋದರಮಾವನನ್ನು ಮನೆಗೆ ಬಂದು, ಎದುರಿಗೆ ನಿಂತು, ಕೈಯಲ್ಲಿ ಪತ್ರಿಕೆ ಕೊಟ್ಟು ಕರೆಯಬೇಕು, ಅದು ಪದ್ಧತಿ. ಬಸ್ಸಮ್ಮ ಪತ್ರಿಕೆಯ ಚಿತ್ರವನ್ನು ಗುಂಪಿಗೆ ಹಾಕಿ ಸುಮ್ಮನಾದಳು. ಕಂಡವರಿಗೆ ಕಳಿಸಿದ್ದನ್ನೇ ನನಗೂ ಕಳಿಸಿದಳೇ ಎಂದು ಪಂಪಾಪತಿ ಬಿಗಿದುಕೊಂಡ, ಮದುವೆಗೆ ಹೋಗಲಿಲ್ಲ. ಮನೆಯ ಮಂದಿಯನ್ನು ಯಾರಾದರೂ ಕರೆಯುತ್ತಾರೇನು, ಅವನೇ ಮುಂದೆ ನಿಂತು ನಡೆಸುತ್ತಾನೆಂದು ತಿಳಿದಿದ್ದೆ ಎಂದು ಅಕ್ಕ ಆಮೇಲೆ ಯಾರ ಮುಂದೆಯೋ ಅತ್ತಳಂತೆ. ಅದು ಕಿವಿಗೆ ಬಿದ್ದಾಗ ಪಂಪಾಪತಿಗೆ ತಾನು ಮಾಡಿದ್ದು ತಪ್ಪೆಂದು ಗೊತ್ತಾಯಿತು. ಗೊತ್ತಾದ ಮೇಲೆ ಹೋಗುವುದು ಇನ್ನಷ್ಟು ಕಷ್ಟವಾಯಿತು. ದಿನಾ ದೇವದುರ್ಗದ ಬಸ್ಸು ಕೂಗುತ್ತಿದ್ದ, ಹತ್ತುತ್ತಿರಲಿಲ್ಲ. ಅವಳು ಗುಂಪಿನಲ್ಲಿ ಒಂದಕ್ಷರವೂ ಬರೆಯುತ್ತಿರಲಿಲ್ಲ. ಗುಂಪು ಬಿಟ್ಟೂ ಹೋಗಿರಲಿಲ್ಲ.

ನಕ್ಷೆಯ ಮೇಲೆ ಹೋಗಲು ಏನಡ್ಡಿ ಎಂದುಕೊಂಡು ಪಂಪಾಪತಿ ಆ ರಸ್ತೆ ಹಿಡಿದ. ಕಲ್ಮಲ ದಾಟಿದ. ಅರ್ಧ ದಾರಿಯ ಮೇಲೆ ಗಬ್ಬೂರು ಮುಟ್ಟಿದಾಗ, ರೂಢಿಯಂತೆ ಚಿತ್ರ ತೆಗೆದು 'ಗಬ್ಬೂರು ಬಂತು' ಎಂದು ಗುಂಪಿಗೆ ಹಾಕಿ, ಟವೆಲಿನಿಂದ ಮುಖ ಒರೆಸಿಕೊಂಡ. ಮೊಬೈಲು ಸದ್ದು ಮಾಡಿತು. ಬಸ್ಸಮ್ಮನ ಹೆಸರು. ನಾಲ್ಕು ವರ್ಷದ ಮೇಲೆ ಒಂದೇ ಅಕ್ಷರ.

'ಬಾ.'

ಪಂಪಾಪತಿಯ ಕಾಲು ನಿಂತಿತು. ಗಾಲಿ ಇನ್ನೂ ಸ್ವಲ್ಪ ಹೊತ್ತು ತಿರುಗಿ ಅದೂ ನಿಂತಿತು. ಸ್ವಲ್ಪ ಹೊತ್ತಿಗೆ ಅಕ್ಕನ ದನಿಯೇ ರೆಕಾರ್ಡಾಗಿ ಬಂತು. ಯಾವಾಗ ಮುಟ್ಟುತ್ತಿ, ರೊಟ್ಟಿಗೆ ಹಿಟ್ಟು ನಾದಬೇಕು ಎಂದು ಕೇಳಿದ್ದಳು, ನಿನ್ನೆ ಸಂಜೆಯಷ್ಟೇ ಮಾತಾಡಿದವಳಂತೆ. ಅವನು ಆ ದನಿಯನ್ನು ಮತ್ತೆ ಮತ್ತೆ ಕೇಳಿದ, ಉತ್ತರ ಕೊಡಲಿಲ್ಲ.

ಮರುದಿನ ಗಾಣದ ಹತ್ತಿರ ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ಗಬ್ಬೂರಿನಲ್ಲಿ ಏನು ಮಾಡುತ್ತಿದ್ದಾನೆ ಇವನು ಎಂದು ಗುಂಪಿನಲ್ಲಿ ಚರ್ಚೆ ಎದ್ದಿತು. ಕಾಲು ಉಳುಕಿರಬೇಕು ಎಂದರು ಕೆಲವರು. ಅಲ್ಲಿ ಯಾರದೋ ಮನೆಯಲ್ಲಿ ಜ್ವರ ಬಂದು ಮಲಗಿರಬೇಕು, ಹೋಗಿ ನೋಡಿಬರೋಣವೇ ಎಂದು ಒಬ್ಬರು ಗಾಡಿ ತೆಗೆಯಲು ಸಿದ್ಧರಾದರು. ಆದೆಮ್ಮ ಮೊಬೈಲನ್ನು ತಂದು ಅವನ ತಟ್ಟೆಯ ಪಕ್ಕದಲ್ಲಿಟ್ಟಳು. ಮನೆಯಲ್ಲಿ ಕೂತು ಊರಿನವರನ್ನೆಲ್ಲ ಗಬ್ಬೂರಿಗೆ ಹೊರಡಿಸಿದ ಶೂರ ನೀವೊಬ್ಬರೇ, ಇನ್ನಾದರೂ ಹೇಳಿಬಿಡಿ ಎಂದಳು.

ಪಂಪಾಪತಿ ಅಕ್ಕನಿಗೆ ಫೋನು ಮಾಡಿದ. ಗಾಣದ ಕಥೆಯನ್ನೆಲ್ಲ ಹೇಳಿದ. ಸ್ಟ್ಯಾಂಡು, ಉರುಳೆ, ನೀಲಿ ಚುಕ್ಕೆ. ನಗುತ್ತಾಳೆಂದು ನಡುನಡುವೆ ತಾನೇ ನಕ್ಕ.

"ನಾ ಮೊಬೈಲಿನ್ಯಾಗ ಕರದೆ, ನೀ ಬರಲಿಲ್ಲ. ಈಗ ನೀ ಮೊಬೈಲಿನ್ಯಾಗ ಬಂದಿ. ಸರಿಗಿ ಸರಿ ಆತು ಬಿಡು," ಎಂದಳು ಬಸ್ಸಮ್ಮ, ಫೋನು ಇಟ್ಟಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಈ 'ಸರಿಗಿ ಸರಿ' ಎಂಬುದು ಎದೆಗೆ ನಾಟಿತು. ಸರಿಗೆ ಸರಿ ಆದಮೇಲೆ ಮುಗಿಯಿತಲ್ಲ, ಇನ್ನೇನು ಉಳಿಯಿತು? ಅವನಿಗೆ ಅಕ್ಕ ಬೇಕಾಗಿದ್ದಳು. ಅಷ್ಟು ವರ್ಷ ಬಿಗುಮಾನದ ಅಡಿಯಲ್ಲಿ ಮುಚ್ಚಿಟ್ಟಿದ್ದ ಮಾತು ಅದೊಂದೇ.

ಭಾನುವಾರ ಬೆಳಕು ಹರಿಯುವ ಮುಂಚೆ ಪಂಪಾಪತಿ ಸೈಕಲ್ಲನ್ನು ಸ್ಟ್ಯಾಂಡಿನಿಂದ ಬಿಚ್ಚಿದ. ಬಸ್ಸಿಗೆ ಹೋಗಿ, ಸುಮ್ಮನೆ ಕುಣಿಯಬೇಡಿ ಎಂದಳು ಆದೆಮ್ಮ. ಸೈಕಲ್ ಮೇಲೆ ಬರುತ್ತಿದ್ದೇನೆಂದು ನಂಬಿಸಿದ್ದೆ, ಸೈಕಲ್ ಮೇಲೇ ಹೋಗುತ್ತೇನೆ ಎಂದ ಪಂಪಾಪತಿ. ಮಾತು ಘನವಾಗಿಯೇ ಇತ್ತು. ಗೇಟು ದಾಟುತ್ತಲೇ ಸೈಕಲ್ಲು ಎಡಕ್ಕೆ ವಾಲಿ, ಬಲಕ್ಕೆ ವಾಲಿ, ಪಕ್ಕದ ಮನೆಯ ಹಾಲಿನ ಕ್ಯಾನಿಗೆ ಗುದ್ದಿತು. ಇಷ್ಟು ತಿಂಗಳು ಹಿಂದಿನ ಗಾಲಿಯನ್ನು ಸ್ಟ್ಯಾಂಡು ಹಿಡಿದಿತ್ತು; ಸೈಕಲ್ಲು ಬೀಳುತ್ತದೆ ಎಂಬುದೇ ಅವನಿಗೆ ಮರೆತುಹೋಗಿತ್ತು. ಆದೆಮ್ಮ ಅವನ ಬೆನ್ನಿನ ಫೋಟೋ ತೆಗೆದು, 'ಈ ಸಲ ಖರೇನ ಹೊಂಟಾರ' ಎಂದು ಗುಂಪಿಗೆ ಹಾಕಿದಳು. ಇದು ಅವನಿಗೆ ಗೊತ್ತಿರಲಿಲ್ಲ.

ನಕ್ಷೆಯ ರಸ್ತೆಯಲ್ಲಿ ಏರು ಇರಲಿಲ್ಲ, ಎದುರುಗಾಳಿ ಇರಲಿಲ್ಲ, ಹತ್ತಿ ತುಂಬಿದ ಟ್ರ್ಯಾಕ್ಟರು ಇರಲಿಲ್ಲ. ಮುಖ್ಯವಾಗಿ ಬಸ್ಸುಗಳಿರಲಿಲ್ಲ. ಈ ರಸ್ತೆಯ ಮೇಲೆ ಓಡುವ ಪ್ರತಿ ಬಸ್ಸಿನ ಡ್ರೈವರು, ಕಂಡಕ್ಟರು ಅವನ ಕೈಕೆಳಗಿನವರು. ಒಂದೊಂದು ಬಸ್ಸೂ ಹಾರ್ನ್ ಹೊಡೆಯುತ್ತಾ ಪಕ್ಕಕ್ಕೆ ಬಂದು ನಿಧಾನವಾಗುತ್ತಿತ್ತು, ಕಂಡಕ್ಟರು ಬಾಗಿಲಿಗೆ ಜೋತುಬಿದ್ದು ಸೀಟು ಖಾಲಿ ಇದೆ ಎಂದು ಕರೆಯುತ್ತಿದ್ದ, ಕಿಟಕಿಗಳಿಂದೆಲ್ಲ ತಲೆ ಹೊರಗೆ ಬರುತ್ತಿತ್ತು. ಪಂಪಾಪತಿ ಉಸಿರು ಬಿಗಿಹಿಡಿದು, ಆರಾಮಾಗಿ ಇರುವವನಂತೆ ಕೈಬೀಸುತ್ತಿದ್ದ. ಬಸ್ಸು ಮರೆಯಾದ ಮೇಲೆ ಇಳಿದು ತಳ್ಳುತ್ತಿದ್ದ.

ಕಲ್ಮಲದ ಕವಲಿನಲ್ಲಿ ನಿಂತು ನೀರು ಕುಡಿದ. ನಿಜವಾದ ಮಿರ್ಚಿಯ ವಾಸನೆ ಬರುತ್ತಿತ್ತು. ಮಾನ್ವಿಯ ದಾರಿ ಕೈಬೀಸಿ ಕರೆಯಿತು. ಅಲ್ಲಿ ಬುರ್ಹಾನುದ್ದೀನ್ ಇದ್ದಾನೆ, ಏನೂ ಕೇಳದೆ ಉಣ್ಣಲು ಹಾಕುತ್ತಾನೆ, ಬೇಕಾದರೆ ಮಲಗಲು ಚಾಪೆಯನ್ನೂ ಹಾಸುತ್ತಾನೆ. ಪಂಪಾಪತಿ ಆ ಬೋರ್ಡನ್ನು ಸ್ವಲ್ಪ ಹೆಚ್ಚು ಹೊತ್ತೇ ನೋಡಿದ. ಆಮೇಲೆ ದೇವದುರ್ಗದ ಕಡೆ ಹ್ಯಾಂಡಲು ತಿರುಗಿಸಿದ.

ಗಬ್ಬೂರು ಕಣ್ಣಿಗೆ ಬೀಳುತ್ತಿದ್ದಂತೆ ಹಿಂದೆ ಢಂ ಎಂದಿತು. ಇಳಿದು ನೋಡಿದರೆ ಹಿಂದಿನ ಟಯರು ಸೀಳಿಹೋಗಿತ್ತು. ಉರುಳೆಯ ಮೇಲೆ ಉಜ್ಜಿ ಉಜ್ಜಿ ಅದರ ಮೈ ಅಂಗೈಯಷ್ಟು ನುಣ್ಣಗಾಗಿತ್ತು. ಮನೆಯಲ್ಲೇ ಕೂತು ಹೋದ ಊರುಗಳೆಲ್ಲ ಆ ಟಯರನ್ನು ತಿಂದುಹಾಕಿದ್ದವು. ಮಾಡಿದ್ದುಣ್ಣೋ ಮಹಾರಾಯ ಎಂದು ತನಗೆ ತಾನೇ ಹೇಳಿಕೊಂಡು ಪಂಪಾಪತಿ ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತ. ಅಲ್ಲಿ ಅವನಿಗೆ ಅಳು ಬಂತು, ಜೊತೆಗೆ ನಗುವೂ.

ದೇವದುರ್ಗದ ಬಸ್ಸು ಕೇಳದೆಯೇ ನಿಂತಿತು. ಡ್ರೈವರು ಮೀರಾಹುಸೇನ ಇಂಜಿನ್ ಬಂದ್ ಮಾಡಿದ, ಕಂಡಕ್ಟರು ಚನ್ನವೀರ ಇಳಿದು ಬಂದು ಸೈಕಲ್ಲನ್ನು ಎತ್ತಿಕೊಂಡ. ಬಸ್ಸಿನೊಳಗೆ ಸೈಕಲ್ ಹಾಕಬಾರದೆಂದು ಸಾಹೇಬರೇ ಆರ್ಡರ್ ಮಾಡಿದ್ದಾರೆ, ಇದು ಯಾರ ಸೈಕಲ್ ಎಂದು ನಾನು ನೋಡಿಲ್ಲ ಎನ್ನುತ್ತಾ ಹಿಂದಿನ ಸೀಟಿನ ಮುಂದೆ ಅಡ್ಡ ಮಲಗಿಸಿದ. ಆ ಆರ್ಡರ್ ಮಾಡಿದ್ದ ಪಂಪಾಪತಿ ತಲೆ ತಗ್ಗಿಸಿ ಕೂತ.

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ ಅವನದು. ದೇವದುರ್ಗ ಹತ್ತಿರವಾದಂತೆ ತಲೆಯೊಳಗೆ ಒಂದು ಹಂಚಿಕೆ ಸಿದ್ಧವಾಯಿತು. ಊರ ಹೊರಗಿನ ಪೆಟ್ರೋಲ್ ಬಂಕಿನ ಹತ್ತಿರ ಇಳಿದುಬಿಡುವುದು. ಅಲ್ಲಿಂದ ತಳ್ಳಿಕೊಂಡು ಹೋಗಿ, ಟಯರು ಈಗಷ್ಟೇ ಒಡೆಯಿತು ಎನ್ನುವುದು. ಒಡೆದದ್ದಂತೂ ನಿಜ, ಊರಿನ ಹೆಸರೊಂದೇ ಬೇರೆ. ಬಂಕು ಬಂದಾಗ ಬಸ್ಸು ನಿಲ್ಲಿಸಿ ಇಳಿದ. ಚನ್ನವೀರ ಸೈಕಲ್ಲನ್ನು ಹಿಂದಿನ ಬಾಗಿಲಿನಿಂದ ಇಳಿಸತೊಡಗಿದ.

ಬಂಕಿನ ನೆರಳಿನಲ್ಲಿ, ಕೈಯಲ್ಲಿ ನೀರಿನ ಬಾಟಲಿ ಹಿಡಿದು ಬಸ್ಸಮ್ಮ ನಿಂತಿದ್ದಳು. ಆದೆಮ್ಮ ಗುಂಪಿಗೆ ಹಾಕಿದ ಫೋಟೋ ನೋಡಿದಾಗಿನಿಂದ ಅಲ್ಲೇ ನಿಂತು ದಾರಿ ಕಾಯುತ್ತಿದ್ದಳು. ಕೂದಲು ಬೆಳ್ಳಗಾಗಿತ್ತು. ನಾಲ್ಕು ವರ್ಷದಲ್ಲಿ ಇಷ್ಟು ಬೆಳ್ಳಗಾಗುತ್ತದೆಂದು ಪಂಪಾಪತಿಗೆ ಯಾರೂ ಹೇಳಿರಲಿಲ್ಲ. ಇಡೀ ಬಸ್ಸು ಕಿಟಕಿಯಿಂದ ನೋಡುತ್ತಿತ್ತು. ನಾಲಿಗೆಯ ತುದಿಯಲ್ಲಿದ್ದ ಸುಳ್ಳು ಅಲ್ಲೇ ಒಣಗಿತು.

"ಗಬ್ಬೂರಾಗ ಒಡೀತಕ್ಕಾ," ಎಂದ.

ಬಸ್ಸಮ್ಮ ಟಯರನ್ನು ನೋಡಿದಳು, ತಮ್ಮನನ್ನು ನೋಡಿದಳು.

"ಗಬ್ಬೂರು ನಿನಗ ಆಗಿಬರಂಗಿಲ್ಲ ಬಿಡು," ಎಂದಳು. ನೀರಿನ ಬಾಟಲಿ ಕೊಟ್ಟು ಮನೆಯ ದಾರಿ ಹಿಡಿದಳು.

ಮನೆಯವರೆಗೆ ಅವಳು ಮುಂದೆ, ಇವನು ಹಿಂದೆ ಸೈಕಲ್ ತಳ್ಳಿಕೊಂಡು. ಒಡೆದ ಟಯರು ಹೆಜ್ಜೆಹೆಜ್ಜೆಗೂ ಪಟಪಟ ಎನ್ನುತ್ತಾ ಓಣಿಯವರನ್ನೆಲ್ಲ ಬಾಗಿಲಿಗೆ ತರಿಸಿತು. ಬಸ್ಸಮ್ಮ ಮನೆಯೊಳಗೆ ಹೋದಳು. ಪಂಪಾಪತಿ ಸೈಕಲ್ಲನ್ನು ಗೋಡೆಗೆ ಆನಿಸಿ ಹೊರಗೇ ನಿಂತ. ಒಳಗೆ ಹೋಗಲು ತನಗೆ ಯಾವ ಮುಖವಿದೆ ಎಂದು ಅವನಿಗೆ ತಿಳಿಯಲಿಲ್ಲ. ಒಳಗಿನ ಗೋಡೆಯ ಮೇಲೆ ಬುದ್ಧನ ಫೋಟೋ, ಅದರ ಪಕ್ಕದಲ್ಲಿ ಶಶಿಕಲಾಳ ಮದುವೆಯ ಫೋಟೋ ಕಾಣುತ್ತಿತ್ತು. ಸೋದರಮಾವ ನಿಲ್ಲಬೇಕಾದ ಜಾಗದಲ್ಲಿ ಯಾರೋ ನಿಂತಿದ್ದರು.

ಬಸ್ಸಮ್ಮ ತಿರುಗಿ ಬಂದಳು. ಹೊಸ್ತಿಲು ದಾಟಿ ಹೊರಗೆ ಬಂದು, ಸೆರಗು ತಲೆಯ ಮೇಲೆ ಎಳೆದುಕೊಂಡು, ಬೀಗರನ್ನು ಕರೆಯಲು ಬಂದವಳಂತೆ ಅವನ ಎದುರಿಗೆ ನೆಟ್ಟಗೆ ನಿಂತಳು.

"ಎದುರಿಗಿ ನಿಂತು ಕರಿಯಾಕತ್ತೀನಿ, ನೋಡು. ನಾಕು ವರ್ಷ ತಡ ಆತು. ಒಳಗ ಬಾ."

ಪಂಪಾಪತಿ ಕಾಲೆತ್ತಿದ. ಕಾಲು ಏಳಲಿಲ್ಲ. ಗಬ್ಬೂರಿನವರೆಗೆ ತುಳಿದ ತೊಡೆಗಳು ಮರಗಟ್ಟಿ, ಆ ನಾಲ್ಕು ಬೆರಳಿನ ಹೊಸ್ತಿಲು ಅವನಿಗೆ ಗುಡ್ಡವಾಗಿತ್ತು. ಇನ್ನೊಮ್ಮೆ ಎತ್ತಲು ಹೋಗಿ ತೂಗಾಡಿದ. ಬಸ್ಸಮ್ಮ ಅವನ ಹಿಂದೆ ಬಂದು ಅಂಗಿಯನ್ನು ಬೆನ್ನ ಹತ್ತಿರ ಮುಷ್ಟಿಯಲ್ಲಿ ಹಿಡಿದಳು.

"ಬಿಡಬ್ಯಾಡಕ್ಕಾ," ಎಂದ ಪಂಪಾಪತಿ.

"ಬಿಟ್ಟಿಲ್ಲ, ನಡಿ," ಎಂದಳು.

ಈ ಮಾತಿನಲ್ಲಿ ಅವನಿಗೆ ಹಳೆಯ ಅನುಭವವಿತ್ತು. ತಿರುಗಿ ನೋಡಿದ. ಈ ಸಲ ಹಿಡಿದೇ ಇದ್ದಳು.